ಕೊನೆಯ ನಲ್ಲಿಯವರೆಗೆ ಕ್ಲೋರಿನ್: ಸಣ್ಣ ನೀರು ಸರಬರಾಜು ವ್ಯವಸ್ಥೆಯಲ್ಲಿ ಕ್ಲೋರಿನೇಟರ್ ನಿರ್ವಹಣೆ ಮತ್ತು ದುರಸ್ತಿ

ಪಂಪ್‌ಹೌಸಿನ ಬಾಗಿಲು ತೆರೆದಾಗ ಗೋಡೆಯ ಮೇಲಿನ ಡೋಸಿಂಗ್ ಪಂಪ್ (ಡ್ರಮ್ಮಿನ ಕ್ಲೋರಿನ್ ದ್ರಾವಣವನ್ನು ಅಳತೆಯಂತೆ ನೀರಿನ ಪೈಪಿಗೆ ತಳ್ಳುವ ಸಣ್ಣ ಪಂಪ್) ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ, ನೀರಿಗೆ ಕ್ಲೋರಿನ್ ಸೇರುತ್ತಿದೆ ಎಂದು ನಂಬಿ ಹೊರಟುಬಿಡುವುದೇ ಈ ಕೆಲಸದಲ್ಲಿ ನಡೆಯುವ ಅತಿ ದೊಡ್ಡ ತಪ್ಪು. ಪಂಪಿನೊಳಗೆ ಗಾಳಿ ಕಟ್ಟಿಕೊಂಡಿದ್ದರೂ, ವಾಲ್ವಿನಲ್ಲಿ ಸುಣ್ಣ ಕಟ್ಟಿದ್ದರೂ, ಡ್ರಮ್ಮಿನಲ್ಲಿರುವ ದ್ರಾವಣ ಸತ್ತ್ವ ಕಳೆದುಕೊಂಡು ಬರೀ ಉಪ್ಪುನೀರಾಗಿದ್ದರೂ ಆ ಸದ್ದು ಮಾತ್ರ ಹಾಗೆಯೇ ಕೇಳಿಸುತ್ತದೆ. ಒಂದು ಊರಿನಲ್ಲಿ ನಾಲ್ಕು ದಿನ ಪಂಪ್ ಓಡಿದ್ದರೂ ಡ್ರಮ್ಮಿನ ಮಟ್ಟ ಒಂದು ಬೆರಳಿನಷ್ಟೂ ಇಳಿಯದೆ ಇದ್ದದ್ದನ್ನು ನಾನೇ ಕಂಡಿದ್ದೇನೆ. ಆ ನಾಲ್ಕೂ ದಿನ ಊರಿನವರು ಕ್ಲೋರಿನ್ ಇಲ್ಲದ ನೀರನ್ನೇ ಕುಡಿದಿದ್ದರು. ಈ ಮಾರ್ಗದರ್ಶಿಯನ್ನು ಬರೆಯಲು ಮುಖ್ಯ ಕಾರಣ ಅದೇ.

ಇಲ್ಲಿ ಹೇಳಿರುವುದು ಕೊಳವೆಬಾವಿಯಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತಿ ಬೀದಿಬೀದಿಗೆ ಸರದಿಯಂತೆ ಬಿಡುವ ಗ್ರಾಮ ಪಂಚಾಯಿತಿಯ ವ್ಯವಸ್ಥೆಯನ್ನು ಕಣ್ಣಮುಂದೆ ಇಟ್ಟುಕೊಂಡು. ಕ್ಲೋರಿನ್ ಗ್ಯಾಸ್ ಸಿಲಿಂಡರ್ ಬಳಸುವ ಸಣ್ಣ ಪಟ್ಟಣಗಳ ಶುದ್ಧೀಕರಣ ಘಟಕಗಳಿಗಾಗಿ ಒಂದು ಪ್ರತ್ಯೇಕ ಭಾಗವಿದೆ. ಗುರಿ ಮಾತ್ರ ಎಲ್ಲ ಕಡೆಯೂ ಒಂದೇ. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500:2012 ಪ್ರಕಾರ, ಕ್ಲೋರಿನ್ ಹಾಕಿದ ನೀರು ಬಳಕೆದಾರರನ್ನು ತಲುಪುವಾಗ ಅದರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ (ರೋಗಾಣುಗಳನ್ನು ಕೊಂದ ಮೇಲೂ ನೀರಿನಲ್ಲಿ ಉಳಿದಿರುವ ಕ್ಲೋರಿನ್) ಇರಬೇಕು, ವೈರಾಣುಗಳಿಂದ ರಕ್ಷಣೆ ಬೇಕಾದಾಗ ಅದು ಕನಿಷ್ಠ 0.5 ಮಿಲಿಗ್ರಾಂ ಆಗಿರಬೇಕು. ತಲುಪುವುದು ಎಂದರೆ ಟ್ಯಾಂಕಿನ ಪಕ್ಕದ ಮನೆಯನ್ನಲ್ಲ, ಪೈಪಿನ ತುದಿಯಲ್ಲಿರುವ ಕೊನೆಯ ನಲ್ಲಿಯನ್ನು.

ಪ್ರತಿದಿನ ಬರೆಯಬೇಕಾದ ಮೂರು ಅಂಕಿಗಳು

ಯಾವ ಪಾನಾ ಕೈಗೆತ್ತಿಕೊಳ್ಳುವ ಮುನ್ನವೂ ಒಂದು ಪುಸ್ತಕ ಬೇಕು. ಅದರಲ್ಲಿ ದಿನಕ್ಕೆ ಮೂರು ಅಂಕಿಗಳನ್ನು ಬರೆಯಬೇಕು: ಅಂದು ಎತ್ತಿದ ನೀರು ಎಷ್ಟು, ಡ್ರಮ್ಮಿನಲ್ಲಿ ದ್ರಾವಣ ಇಳಿದದ್ದು ಎಷ್ಟು, ಕೊನೆಯ ನಲ್ಲಿಯಲ್ಲಿ ಸಿಕ್ಕ ಕ್ಲೋರಿನ್ ಎಷ್ಟು. ನೀರಿನ ಮೀಟರ್ ಇಲ್ಲದಿದ್ದರೆ ಮೋಟರ್ ಓಡಿದ ಗಂಟೆಗಳನ್ನು ಬರೆದುಕೊಂಡು ಕೊಳವೆಬಾವಿಯ ಇಳುವರಿಯಿಂದ ಗುಣಿಸಿದರೂ ಆಗುತ್ತದೆ. ಆದರೆ ಬೇಸಿಗೆಯಲ್ಲಿ ಇಳುವರಿ ಕುಸಿಯುವುದರಿಂದ ಎರಡು ತಿಂಗಳಿಗೊಮ್ಮೆಯಾದರೂ ಟ್ಯಾಂಕ್ ತುಂಬಲು ಹಿಡಿಯುವ ಸಮಯವನ್ನು ಮತ್ತೆ ಅಳೆಯಬೇಕು.

ಡ್ರಮ್ಮಿನ ಮೇಲೆ ಗುರುತು ಹಾಕುವ ಕೆಲಸವನ್ನು ಒಮ್ಮೆ ಮಾಡಿದರೆ ಸಾಕು. ಖಾಲಿ ಡ್ರಮ್ಮಿಗೆ ಐದೈದು ಲೀಟರ್ ನೀರನ್ನು ಅಳೆದು ಸುರಿಯುತ್ತ, ಪ್ರತಿ ಸಲ ನೀರು ನಿಂತ ಮಟ್ಟಕ್ಕೆ ಅಳಿಸದ ಶಾಯಿಯಲ್ಲಿ ಗೆರೆ ಎಳೆಯಬೇಕು. ಅಳತೆಪಟ್ಟಿಯಿಂದ ಲೆಕ್ಕ ಹಾಕಿ ಗೆರೆ ಎಳೆಯುವುದು ಬೇಡ, ಏಕೆಂದರೆ ಡ್ರಮ್ಮಿನ ತಳವೂ ಹೆಗಲೂ ಒಂದೇ ಅಗಲವಿರುವುದಿಲ್ಲ.

ಇನ್ನು ಲೆಕ್ಕ. ಗಂಟೆಗೆ 10,000 ಲೀಟರ್ ಕೊಡುವ ಕೊಳವೆಬಾವಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಕ್ಲೋರಿನ್ ಹಾಕಬೇಕಾದರೆ ಗಂಟೆಗೆ 20 ಗ್ರಾಂ ಕ್ಲೋರಿನ್ ಬೇಕು. ಶೇಕಡ 1ರ ದ್ರಾವಣದ ಒಂದು ಲೀಟರಿನಲ್ಲಿ 10 ಗ್ರಾಂ ಕ್ಲೋರಿನ್ ಇರುವುದರಿಂದ ಗಂಟೆಗೆ 2 ಲೀಟರ್ ದ್ರಾವಣ ಹೋಗಬೇಕು. ಮೋಟರ್ 6 ಗಂಟೆ ಓಡಿದ ದಿನ ಡ್ರಮ್ಮಿನಲ್ಲಿ 12 ಲೀಟರ್ ಇಳಿದಿರಲೇಬೇಕು. 4 ಲೀಟರ್ ಮಾತ್ರ ಇಳಿದಿದ್ದರೆ ದೋಷ ಪಂಪಿನಲ್ಲಿದೆ. 12 ಲೀಟರ್ ಇಳಿದೂ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಸಿಗದಿದ್ದರೆ ದೋಷ ದ್ರಾವಣದಲ್ಲಿದೆ, ಇಲ್ಲವೇ ಪೈಪಿನಲ್ಲಿದೆ. ಉಪಕರಣವನ್ನು ಮುಟ್ಟದೆಯೇ ದೋಷ ಯಾವ ಕಡೆಯದೆಂದು ಇಷ್ಟು ಖಚಿತವಾಗಿ ತಿಳಿಸುವ ಬೇರೆ ದಾರಿ ನನಗೆ ಗೊತ್ತಿಲ್ಲ.

ಕೊನೆಯ ನಲ್ಲಿಯ ಪರೀಕ್ಷೆಗೆ ಹಳದಿ ಬಣ್ಣ ಬರುವ ಓಟಿ (ಆರ್ಥೊಟಾಲಿಡಿನ್) ದ್ರಾವಣದ ಕ್ಲೋರೋಸ್ಕೋಪ್ (ಬಣ್ಣ ಹೋಲಿಸಿ ಕ್ಲೋರಿನ್ ಅಳೆಯುವ ಕಿಟ್) ಇನ್ನೂ ಅನೇಕ ಕಡೆ ಬಳಕೆಯಲ್ಲಿದೆ. ಆ ರಾಸಾಯನಿಕ ಆರೋಗ್ಯಕ್ಕೆ ಒಳ್ಳೆಯದಲ್ಲ, ಜೊತೆಗೆ ನೀರಿನಲ್ಲಿ ಮ್ಯಾಂಗನೀಸ್ ಅಥವಾ ನೈಟ್ರೈಟ್ ಇದ್ದರೆ ಕ್ಲೋರಿನ್ ಇಲ್ಲದೆಯೂ ಹಳದಿ ತೋರಿಸುತ್ತದೆ. ಗುಲಾಬಿ ಬಣ್ಣ ಬರುವ ಡಿಪಿಡಿ ಮಾತ್ರೆ ಅಥವಾ ಪುಡಿ ಇದಕ್ಕಿಂತ ಉತ್ತಮ. ಆದರೆ ಕ್ಲೋರಿನ್ ವಿಪರೀತ ಹೆಚ್ಚಾಗಿದ್ದರೆ ಡಿಪಿಡಿಯ ಬಣ್ಣವೇ ಬಿಳಿಚಿಹೋಗಿ ಕ್ಲೋರಿನ್ ಇಲ್ಲವೇನೋ ಎಂಬಂತೆ ಕಾಣುತ್ತದೆ. ಗುಲಾಬಿ ಬಣ್ಣ ಕ್ಷಣಮಾತ್ರ ಮಿಂಚಿ ಮಾಯವಾದರೆ, ಅದೇ ನೀರಿನ ಒಂದು ಪಾಲಿಗೆ ಕ್ಲೋರಿನ್ ಇಲ್ಲದ ಶುದ್ಧ ನೀರು ಒಂಬತ್ತು ಪಾಲು ಸೇರಿಸಿ ಮತ್ತೆ ನೋಡಿ, ಸಿಕ್ಕ ಅಂಕಿಯನ್ನು 10ರಿಂದ ಗುಣಿಸಬೇಕು. ಸರದಿ ನೀರು ಬಂದ ಕೂಡಲೇ ಹಿಡಿದ ಮಾದರಿ ಪೈಪಿನಲ್ಲಿ ನಿಂತಿದ್ದ ಹಳೆಯ ನೀರಿನದಾಗಿರುತ್ತದೆ, ಆದ್ದರಿಂದ ಹತ್ತು ನಿಮಿಷ ಹರಿದ ಮೇಲೆ ಮಾದರಿ ಹಿಡಿಯಬೇಕು. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ಏರ್ಪಾಡಿದೆ. ಕೊನೆಯ ಬೀದಿಯಲ್ಲಿ ಅವರಲ್ಲೊಬ್ಬರಿದ್ದರೆ ಈ ಮೂರನೆಯ ಅಂಕಿಯನ್ನು ಅವರಿಂದಲೇ ಪಡೆಯಬಹುದು.

ದ್ರಾವಣ ಚೆನ್ನಾಗಿದ್ದರೆ ಅರ್ಧ ದುರಸ್ತಿ ತಪ್ಪುತ್ತದೆ

ಡೋಸಿಂಗ್ ಪಂಪ್ ಕೆಡುವುದಕ್ಕೆ ಪಂಪಿಗಿಂತ ಹೆಚ್ಚಾಗಿ ಅದು ಕುಡಿಯುವ ದ್ರಾವಣವೇ ಕಾರಣ. ಬ್ಲೀಚಿಂಗ್ ಪೌಡರಿನಲ್ಲಿ ಸುಣ್ಣವಿದೆ. ಪುಡಿಯನ್ನು ನೇರವಾಗಿ ಪಂಪಿನ ಡ್ರಮ್ಮಿಗೆ ಸುರಿದು ಕೋಲಿನಿಂದ ಕಲಕಿದರೆ ಆ ಸುಣ್ಣವೆಲ್ಲ ಫುಟ್ ವಾಲ್ವಿನ (ಹೀರುವ ಟ್ಯೂಬಿನ ಕೆಳತುದಿಯಲ್ಲಿರುವ ವಾಲ್ವ್) ಜಾಲರಿಯನ್ನೂ ಪಂಪಿನ ಒಳಗಿನ ಗುಂಡುಗಳನ್ನೂ ಮುಚ್ಚುತ್ತದೆ. ಆದ್ದರಿಂದ ಎರಡು ಡ್ರಮ್ ಇಟ್ಟುಕೊಳ್ಳಬೇಕು. ಮೊದಲನೆಯದರಲ್ಲಿ ಪುಡಿಯನ್ನು ಸ್ವಲ್ಪ ನೀರಿನೊಂದಿಗೆ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದ ನೀರು ಸೇರಿಸಿ, ಮುಚ್ಚಿ ಒಂದು ರಾತ್ರಿ ಅಲುಗಾಡಿಸದೆ ಬಿಡಬೇಕು. ಬೆಳಗ್ಗೆ ಮೇಲಿನ ತಿಳಿಯನ್ನು ಮಾತ್ರ ಎರಡನೆಯ ಡ್ರಮ್ಮಿಗೆ ಬಸಿದುಕೊಳ್ಳಬೇಕು. ಬಸಿಯುವ ನಲ್ಲಿ ತಳದಿಂದ ಒಂದು ಗೇಣು ಮೇಲಿದ್ದರೆ ಗಸಿ ಬರುವುದಿಲ್ಲ. ಶೇಕಡ 30 ಸತ್ತ್ವದ, ಅಂದರೆ ತೂಕದಲ್ಲಿ ಶೇಕಡ 30ರಷ್ಟು ಕ್ಲೋರಿನ್ ಕೊಡುವ, ಪುಡಿಯಾದರೆ 100 ಲೀಟರ್ ನೀರಿಗೆ 3.3 ಕಿಲೊ ಹಾಕಿದಾಗ ಶೇಕಡ 1ರ ದ್ರಾವಣ ಸಿಗುತ್ತದೆ.

ಆದರೆ ಪುಡಿಯ ಸತ್ತ್ವ ಶೇಕಡ 30 ಇದೆಯೆಂದು ಚೀಲದ ಮೇಲಿನ ಬರಹವನ್ನು ನೋಡಿ ತೀರ್ಮಾನಿಸುವಂತಿಲ್ಲ. ತೇವ, ಶಾಖ, ತೆರೆದ ಚೀಲದ ಬಾಯಿ, ಇವು ಮೂರೂ ಸೇರಿದರೆ ಪುಡಿ ಬೇಗನೆ ನಿಸ್ಸತ್ತ್ವವಾಗುತ್ತದೆ. ಕೈಯಲ್ಲಿರುವ ಡಿಪಿಡಿ ಕಿಟ್ಟಿನಿಂದಲೇ ಇದನ್ನು ಅಂದಾಜು ಮಾಡಬಹುದು. 10 ಗ್ರಾಂ ಪುಡಿಯನ್ನು 10 ಲೀಟರ್ ನೀರಿನಲ್ಲಿ ಚೆನ್ನಾಗಿ ಕರಗಿಸಿ, ಅದರಿಂದ 5 ಮಿಲಿಲೀಟರನ್ನು ಸಿರಿಂಜಿನಲ್ಲಿ ತೆಗೆದು 1 ಲೀಟರ್ ಶುದ್ಧ ನೀರಿಗೆ ಸೇರಿಸಿ, ಅದರ ಕ್ಲೋರಿನನ್ನು ಅಳೆಯಬೇಕು. ಬಂದ ಅಂಕಿಯನ್ನು 20ರಿಂದ ಗುಣಿಸಿದರೆ ಪುಡಿಯ ಶೇಕಡಾವಾರು ಸತ್ತ್ವ ಸಿಗುತ್ತದೆ: 1.5 ಬಂದರೆ ಶೇಕಡ 30, 1 ಬಂದರೆ ಶೇಕಡ 20. ಎರಡೂ ಸಲ ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರನ್ನೇ ಬಳಸಬೇಕು. ದ್ರವರೂಪದ ಸೋಡಿಯಂ ಹೈಪೋಕ್ಲೋರೈಟಿಗೂ ಇದೇ ಲೆಕ್ಕ ಹೊಂದುತ್ತದೆ, 10 ಗ್ರಾಂ ಪುಡಿಯ ಬದಲು 10 ಮಿಲಿಲೀಟರ್ ದ್ರವ ತೆಗೆದುಕೊಂಡರಾಯಿತು.

ಹೈಪೋಕ್ಲೋರೈಟ್ ಬಳಸುವವರಿಗೆ ಗಸಿಯ ತೊಂದರೆ ಕಡಿಮೆ. ಅವರ ಶತ್ರು ಬಿಸಿಲು. ಶಾಖ 10 ಡಿಗ್ರಿ ಏರಿದರೆ ಈ ದ್ರವ ಕೆಡುವ ವೇಗ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಕ್ಯಾನ್ ಎಷ್ಟು ದಿನ ಬಾಳೀತೆಂದು ಇದರಿಂದಲೇ ಊಹಿಸಬಹುದು. ಬಂದ ಕೂಡಲೇ ಅದನ್ನು ತೆಳುಮಾಡಿಟ್ಟರೆ ಕೆಡುವ ವೇಗ ಬಹಳ ಇಳಿಯುತ್ತದೆ. ಒಂದು ಸಲಕ್ಕೆ ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ತರಿಸಿಕೊಳ್ಳುವುದು ಮೇಲು.

ತೆಳುಮಾಡುವ ನೀರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆಯ ಗಡಸು ಕೊಳವೆಬಾವಿ ನೀರಿನಲ್ಲಿ ಹೈಪೋಕ್ಲೋರೈಟ್ ಬೆರೆಸಿದರೆ ಅದರ ಕ್ಷಾರಗುಣದಿಂದ ನೀರಿನ ಸುಣ್ಣವೆಲ್ಲ ಬಿಳಿಯ ಪುಡಿಯಾಗಿ ಕೂರುತ್ತದೆ. ಅದೇ ಡ್ರಮ್ಮಿಗೆ ಆರ್‌ಒ ನೀರು ಹಾಕಿದರೆ ವಾಲ್ವುಗಳನ್ನು ತೊಳೆಯುವ ಕೆಲಸ ಬಹಳ ಕಡಿಮೆಯಾಗುತ್ತದೆ. ಕೆಲವು ಕ್ಯಾನ್ ನೀರಿನ ಖರ್ಚು ಒಂದು ವಾಲ್ವ್ ಸೆಟ್ಟಿನ ಬೆಲೆಯ ಮುಂದೆ ಏನೂ ಅಲ್ಲ.

ದಾಸ್ತಾನು ಕೋಣೆಯಲ್ಲಿ ಬ್ಲೀಚಿಂಗ್ ಪೌಡರಿನ ಪಕ್ಕ ಆ್ಯಸಿಡ್, ಆಲಂ, ಡೀಸೆಲ್, ಎಣ್ಣೆ, ಯೂರಿಯಾ ಯಾವುದೂ ಇರಕೂಡದು. ಆ್ಯಸಿಡ್ ಅಥವಾ ಆಲಂ ತಗುಲಿದರೆ ವಿಷಾನಿಲ ಏಳುತ್ತದೆ, ಎಣ್ಣೆ ತಗುಲಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಮೋಟರಿನ ಸ್ಟಾರ್ಟರ್ ಇರುವ ಕೋಣೆಯಲ್ಲಿಯೇ ಚೀಲಗಳನ್ನು ಪೇರಿಸಿದರೆ ಅವುಗಳ ಆವಿ ಸ್ಟಾರ್ಟರಿನ ಕಾಂಟ್ಯಾಕ್ಟುಗಳನ್ನು ತಿಂದುಹಾಕುತ್ತದೆ.

ಡೋಸಿಂಗ್ ಪಂಪನ್ನು ಬಿಚ್ಚಿ ತೊಳೆಯುವ ಕ್ರಮ

ಈ ಪಂಪಿನೊಳಗೆ ಹೃದಯದಂತೆ ಹಿಂದಕ್ಕೂ ಮುಂದಕ್ಕೂ ಬಡಿಯುವ ಒಂದು ಡಯಾಫ್ರಾಮ್, ಅದರ ಕೆಳಗೆ ದ್ರಾವಣ ಒಳಬರುವ ವಾಲ್ವ್, ಮೇಲೆ ಹೊರಹೋಗುವ ವಾಲ್ವ್ ಇರುತ್ತವೆ. ಪ್ರತಿ ವಾಲ್ವಿನಲ್ಲೂ ಒಂದೋ ಎರಡೋ ಸಣ್ಣ ಗುಂಡುಗಳಿರುತ್ತವೆ. ಗುಂಡು ತನ್ನ ಪೀಠದ ಮೇಲೆ ಬಿಗಿಯಾಗಿ ಕೂತರೆ ಪಂಪ್ ಕೆಲಸ ಮಾಡುತ್ತದೆ. ಕೂದಲೆಳೆಯಷ್ಟು ಸುಣ್ಣ ನಡುವೆ ಸಿಕ್ಕಿಕೊಂಡರೂ ಮೇಲೆ ಹೋದ ದ್ರಾವಣ ಮತ್ತೆ ಕೆಳಗಿಳಿಯುತ್ತದೆ. ಬ್ಲೀಚಿಂಗ್ ದ್ರಾವಣವಾದರೆ ತಿಂಗಳಿಗೊಮ್ಮೆ, ಹೈಪೋಕ್ಲೋರೈಟ್ ಆದರೆ ಮೂರು ತಿಂಗಳಿಗೊಮ್ಮೆ ಕೆಳಗಿನಂತೆ ತೊಳೆಯಬೇಕು. ಕನ್ನಡಕ, ರಬ್ಬರ್ ಕೈಗವಸು, ಹಳೆಯ ಬಟ್ಟೆ ಕಡ್ಡಾಯ.

1. ಮೊದಲು ಕೊಳವೆಬಾವಿಯ ಮೋಟರ್ ಮತ್ತು ಡೋಸಿಂಗ್ ಪಂಪ್ ಎರಡರ ವಿದ್ಯುತ್ತನ್ನೂ ಕಡಿಯಬೇಕು. ಆಟೊ ಸ್ಟಾರ್ಟರ್ ಇದ್ದರೆ ಕರೆಂಟ್ ಬಂದ ಕೂಡಲೇ ಮೋಟರ್ ತಾನಾಗಿ ಓಡತೊಡಗುತ್ತದೆ, ಆದ್ದರಿಂದ ಮೇನ್ ಸ್ವಿಚ್ಚನ್ನೇ ಇಳಿಸಿ ಫ್ಯೂಸ್ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು.

2. ಇಂಜೆಕ್ಷನ್ ಜಾಗದ (ದ್ರಾವಣ ಮುಖ್ಯ ಪೈಪಿಗೆ ಸೇರುವ ಜಾಗ) ವಾಲ್ವ್ ಮುಚ್ಚಿ, ಪಂಪಿನ ಮೇಲಿರುವ ಗಾಳಿ ಬಿಡುವ ತಿರುಪನ್ನು ಸಡಿಲಿಸಿ ಒತ್ತಡ ಇಳಿಸಬೇಕು. ಒತ್ತಡವಿರುವಾಗಲೇ ಟ್ಯೂಬ್ ಎಳೆದರೆ ದ್ರಾವಣ ನೇರವಾಗಿ ಕಣ್ಣಿಗೆ ಚಿಮ್ಮುತ್ತದೆ.

3. ಹೀರುವ ಟ್ಯೂಬನ್ನು ಡ್ರಮ್ಮಿನಿಂದ ತೆಗೆದು ಶುದ್ಧ ನೀರಿನ ಬಕೆಟ್ಟಿನಲ್ಲಿ ಇಳಿಬಿಡಬೇಕು. ಹೊರಹೋಗುವ ಟ್ಯೂಬಿನ ತುದಿಯನ್ನು ಇನ್ನೊಂದು ಬಕೆಟ್ಟಿಗೆ ಬಿಟ್ಟು, ಡೋಸಿಂಗ್ ಪಂಪಿಗೆ ಮಾತ್ರ ಕರೆಂಟ್ ಕೊಟ್ಟು, ಕನಿಷ್ಠ ಹತ್ತು ನಿಮಿಷ ನೀರನ್ನು ಓಡಿಸಿ ಮತ್ತೆ ನಿಲ್ಲಿಸಬೇಕು. ಈ ಹಂತವನ್ನು ಎಂದೂ ಬಿಡುವಂತಿಲ್ಲ. ಮುಂದೆ ಬಳಸುವ ಆ್ಯಸಿಡ್, ಒಳಗುಳಿದ ಹೈಪೋಕ್ಲೋರೈಟಿನ ಜೊತೆ ಸೇರಿದರೆ ಮುಚ್ಚಿದ ಕೋಣೆಯಲ್ಲಿ ಕ್ಲೋರಿನ್ ಅನಿಲ ಏಳುತ್ತದೆ.

4. ಕೆಳಗಿನ ಮತ್ತು ಮೇಲಿನ ವಾಲ್ವುಗಳನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ, ಬಿಚ್ಚಿದ ಕ್ರಮದಲ್ಲಿಯೇ ಬಿಳಿ ಬಟ್ಟೆಯ ಮೇಲೆ ಜೋಡಿಸಿಡಬೇಕು. ಗುಂಡು, ಪೀಠ, ಓ-ರಿಂಗ್, ಸ್ಪ್ರಿಂಗ್ ಯಾವ ದಿಕ್ಕಿಗಿವೆ ಎಂಬುದಕ್ಕೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಬೇಕು. ವಾಲ್ವ್ ತಲೆಕೆಳಗಾಗಿ ಕೂತರೆ ಪಂಪ್ ಒಂದು ಹನಿಯನ್ನೂ ತಳ್ಳುವುದಿಲ್ಲ.

5. ಐದು ಪಾಲು ನೀರಿಗೆ ಒಂದು ಪಾಲು ಅಂಗಡಿಯಲ್ಲಿ ಸಿಗುವ ಹೈಡ್ರೋಕ್ಲೋರಿಕ್ ಆ್ಯಸಿಡ್ ಸೇರಿಸಿದ ದ್ರಾವಣದಲ್ಲಿ ವಾಲ್ವಿನ ಭಾಗಗಳನ್ನೂ ಫುಟ್ ವಾಲ್ವಿನ ಜಾಲರಿಯನ್ನೂ ನೊರೆ ನಿಲ್ಲುವವರೆಗೆ ನೆನೆಸಬೇಕು. ನೀರಿಗೆ ಆ್ಯಸಿಡ್ ಸುರಿಯಬೇಕೇ ಹೊರತು ಆ್ಯಸಿಡ್‌ಗೆ ನೀರನ್ನಲ್ಲ. ಬಾಗಿಲು ಕಿಟಕಿ ತೆರೆದಿರಬೇಕು. ಪದರ ತೆಳುವಾಗಿದ್ದರೆ ವಿನೆಗರ್ ಸಾಕು, ನೆನೆಸುವ ಸಮಯ ಮಾತ್ರ ಹೆಚ್ಚು. ಚಾಕುವಿನಿಂದ ಕೆರೆದರೆ ಪೀಠದ ಮೇಲೆ ಗೀರು ಬಿದ್ದು ಆ ವಾಲ್ವ್ ಮತ್ತೆಂದೂ ಬಿಗಿಯಾಗಿ ಕೂರುವುದಿಲ್ಲ.

6. ಪಂಪಿನ ತಲೆಯ ನಾಲ್ಕು ತಿರುಪುಗಳನ್ನು ಬಿಚ್ಚಿ ಡಯಾಫ್ರಾಮನ್ನು ನೋಡಬೇಕು. ಬಿರುಕು, ಉಬ್ಬು, ಅಂಚಿನಲ್ಲಿ ಬಿಳಿಗಟ್ಟಿದ ಗೆರೆ ಕಂಡರೆ ಬದಲಿಸಬೇಕು. ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಡಯಾಫ್ರಾಮ್, ಗುಂಡು, ಓ-ರಿಂಗ್ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಒಳ್ಳೆಯದು. ಜೋಡಿಸುವಾಗ ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

7. ಎಲ್ಲವನ್ನೂ ನೀರಿನಲ್ಲಿ ಚೆನ್ನಾಗಿ ತೊಳೆದು ಜೋಡಿಸಿ, ಮೊದಲು ಬರೀ ನೀರಿನಲ್ಲಿ ಓಡಿಸಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಟ್ಯೂಬನ್ನು ಡ್ರಮ್ಮಿಗೆ ಇಳಿಸಬೇಕು. ಫುಟ್ ವಾಲ್ವ್ ನೇರವಾಗಿ ನಿಂತಿರಬೇಕು ಮತ್ತು ತಳದಿಂದ ನಾಲ್ಕು ಬೆರಳು ಮೇಲಿರಬೇಕು.

ಇದಾದ ಮೇಲೆ ಅಳತೆ ನೋಡಬೇಕು. 100 ಮಿಲಿಲೀಟರಿನ ಅಳತೆ ಜಾಡಿಯಲ್ಲಿ ದ್ರಾವಣ ತುಂಬಿ, ಫುಟ್ ವಾಲ್ವನ್ನು ಅದರೊಳಗೆ ಇಟ್ಟು, ಮುಖ್ಯ ಮೋಟರ್ ಓಡುತ್ತಿರುವಾಗ ಒಂದು ನಿಮಿಷಕ್ಕೆ ಎಷ್ಟು ಇಳಿಯುತ್ತದೆಂದು ನೋಡಬೇಕು. ಗಂಟೆಗೆ 2 ಲೀಟರ್ ಬೇಕಿದ್ದರೆ ನಿಮಿಷಕ್ಕೆ ಸುಮಾರು 33 ಮಿಲಿಲೀಟರ್ ಇಳಿಯಬೇಕು. ಮೋಟರ್ ನಿಂತಿರುವಾಗ ಅಳೆದರೆ ಪೈಪಿನ ಒತ್ತಡ ಇರುವುದಿಲ್ಲವಾದ್ದರಿಂದ ಅಂಕಿ ಹೆಚ್ಚಾಗಿ ಬಂದು ದಾರಿ ತಪ್ಪಿಸುತ್ತದೆ. ಪ್ರಮಾಣ ಕಡಿಮೆ ಮಾಡಬೇಕಾದಾಗ ಬಡಿತದ ಉದ್ದವನ್ನು ತೀರ ಇಳಿಸುವ ಬದಲು ಬಡಿತಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕು, ಏಕೆಂದರೆ ಚಿಕ್ಕ ಬಡಿತಕ್ಕೆ ಒಳಗೆ ಕಟ್ಟಿಕೊಂಡ ಗಾಳಿಯನ್ನು ಹೊರತಳ್ಳುವ ಶಕ್ತಿ ಇರುವುದಿಲ್ಲ.

ಲಕ್ಷಣದಿಂದ ದೋಷಕ್ಕೆ

ಸದ್ದು ಬರುತ್ತಿದೆ, ಮಟ್ಟ ಇಳಿಯುತ್ತಿಲ್ಲ ಎಂಬುದೇ ಅತಿ ಸಾಮಾನ್ಯ ದೂರು. ಹೈಪೋಕ್ಲೋರೈಟ್ ನಿಂತಲ್ಲಿಯೇ ಗುಳ್ಳೆ ಬಿಡುವ ದ್ರವ, ಬಿಸಿಲಿನಲ್ಲಿ ಇನ್ನೂ ಹೆಚ್ಚು. ಆ ಗುಳ್ಳೆಗಳು ಪಂಪಿನ ತಲೆಯಲ್ಲಿ ಸೇರಿ ಗಾಳಿ ಕಟ್ಟುತ್ತದೆ. ಗಾಳಿ ತಿರುಪನ್ನು ತೆರೆದು, ಟ್ಯೂಬಿನಲ್ಲಿ ಗುಳ್ಳೆ ಇಲ್ಲದೆ ದ್ರಾವಣ ಬರುವವರೆಗೆ ಓಡಿಸಬೇಕು. ಮರುದಿನ ಮತ್ತೆ ಅದೇ ತೊಂದರೆಯಾದರೆ ಹೀರುವ ಟ್ಯೂಬಿನ ಜೋಡಣೆಗಳಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ. ಟ್ಯೂಬಿನ ತುದಿ ಗಟ್ಟಿಯಾಗಿ ಸೀಳಿರುವುದು ಇದಕ್ಕೆ ಸಾಮಾನ್ಯ ಕಾರಣ. ಎರಡು ಬೆರಳಿನಷ್ಟು ಕತ್ತರಿಸಿ ಹೊಸ ತುದಿಯನ್ನು ಸಿಕ್ಕಿಸಿದರೆ ಸರಿಹೋಗುತ್ತದೆ. ಡ್ರಮ್ಮನ್ನು ಪಂಪಿಗಿಂತ ಮೇಲೆ ಇಟ್ಟರೆ ಗಾಳಿ ಕಟ್ಟುವುದು ಕಡಿಮೆಯಾಗುತ್ತದೆ ನಿಜ, ಆದರೆ ಆಗ ಟ್ಯೂಬ್ ಕಳಚಿದರೆ ಡ್ರಮ್ಮಿನ ದ್ರಾವಣವೆಲ್ಲ ನೆಲದ ಪಾಲಾಗುತ್ತದೆ.

ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಗಾಬರಿಯಾಗಬೇಕಿಲ್ಲ, ಕಾರಣ ಸ್ಪಷ್ಟವಾಗಿದೆ: ಮುಖ್ಯ ಪೈಪಿನ ನೀರು ಹಿಂದಕ್ಕೆ ಡ್ರಮ್ಮಿಗೆ ನುಗ್ಗುತ್ತಿದೆ. ಇಂಜೆಕ್ಷನ್ ವಾಲ್ವ್ ಮತ್ತು ಪಂಪಿನ ವಾಲ್ವುಗಳು ಎರಡೂ ಸೋತಿವೆ ಎಂದು ಇದರ ಅರ್ಥ. ಎರಡನ್ನೂ ಬಿಚ್ಚಿ ತೊಳೆಯಬೇಕು. ಮಟ್ಟ ಲೆಕ್ಕಕ್ಕಿಂತ ವೇಗವಾಗಿ ಇಳಿದು ಊರಿನಿಂದ ವಾಸನೆಯ ದೂರು ಬಂದರೆ, ಇಂಜೆಕ್ಷನ್ ಜಾಗದಲ್ಲಿ ಒತ್ತಡ ಕಡಿಮೆಯಾಗಿ ದ್ರಾವಣ ತಾನಾಗಿ ಎಳೆದುಕೊಂಡು ಹೋಗುತ್ತಿರಬಹುದು. ಮೋಟರ್ ನಿಂತಾಗ ನೀರು ಬಾವಿಗೆ ಮರಳುವ ಕಡೆ, ಅಂದರೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವಿಗಿಂತ ಕೆಳಗೆ, ಇಂಜೆಕ್ಷನ್ ಕೊಟ್ಟಿದ್ದರೆ ಹೀಗಾಗುತ್ತದೆ. ಜಾಗ ಬದಲಿಸಬೇಕು, ಇಲ್ಲವೇ ಸ್ಪ್ರಿಂಗ್ ಇರುವ ಆ್ಯಂಟಿ ಸೈಫನ್ ವಾಲ್ವ್ ಹಾಕಬೇಕು.

ಪಂಪಿನ ತಲೆಯ ಹಿಂಭಾಗದ ಸಣ್ಣ ರಂಧ್ರದಿಂದ ದ್ರಾವಣ ಹನಿಯುತ್ತಿದ್ದರೆ ಡಯಾಫ್ರಾಮ್ ಹರಿದಿದೆ. ಆ ಕೂಡಲೇ ನಿಲ್ಲಿಸದಿದ್ದರೆ ದ್ರಾವಣ ಒಳಗಿನ ವಿದ್ಯುತ್ ಭಾಗಕ್ಕೆ ಇಳಿದು ಇಡೀ ಪಂಪ್ ಹಾಳಾಗುತ್ತದೆ. ಆ ರಂಧ್ರವನ್ನು ಎಂ-ಸೀಲ್ ಹಾಕಿ ಮುಚ್ಚಿದ್ದನ್ನೂ ನಾನು ನೋಡಿದ್ದೇನೆ. ಅದು ಸೋರಿಕೆಯನ್ನು ತೋರಿಸಲೆಂದೇ ಇಟ್ಟಿರುವ ರಂಧ್ರ, ದಯವಿಟ್ಟು ಮುಚ್ಚಬೇಡಿ.

ಇಂಜೆಕ್ಷನ್ ಮೊನೆಯಲ್ಲಿ ಗಡಸು ನೀರೂ ಕ್ಷಾರ ದ್ರಾವಣವೂ ಸಂಧಿಸುವುದರಿಂದ ಸುಣ್ಣ ಅಲ್ಲಿಯೇ ಹೆಚ್ಚು ಕಟ್ಟುತ್ತದೆ. ಮೊನೆ ಪೈಪಿನ ನಡುಭಾಗದವರೆಗೆ ಚಾಚಿರಬೇಕು. ಪೈಪಿನ ಅಂಚಿನಲ್ಲಿಯೇ ಬಿಟ್ಟರೆ ಗಟ್ಟಿ ದ್ರಾವಣ ಗೋಡೆಗುಂಟ ಹರಿದು ಜಿಐ ಪೈಪನ್ನು ತೂತು ಮಾಡುತ್ತದೆ. ದ್ರಾವಣದ ದಾರಿಯಲ್ಲಿ ಹಿತ್ತಾಳೆ, ಕಬ್ಬಿಣ, ಸ್ಟೀಲ್ ಯಾವುದೂ ಇರಬಾರದು. ಪಿವಿಸಿ, ಪಾಲಿಥೀನ್, ಟೆಫ್ಲಾನ್ ಮಾತ್ರ ಸರಿ. ಅಲ್ಲಿ ಸಾಮಾನ್ಯ ಬಾಲ್ ವಾಲ್ವ್ ಬಳಸಿದರೆ ಮುಚ್ಚಿದಾಗ ಚೆಂಡಿನೊಳಗೆ ಸಿಕ್ಕಿಕೊಂಡ ಹೈಪೋಕ್ಲೋರೈಟ್ ಅನಿಲವಾಗಿ ಉಬ್ಬಿ ವಾಲ್ವ್ ಸಿಡಿಯಬಹುದು. ಚೆಂಡಿಗೆ ಗಾಳಿರಂಧ್ರವಿರುವ ವಾಲ್ವನ್ನೇ ಕೇಳಿ ತರಿಸಬೇಕು.

ವಿದ್ಯುತ್ ಸಂಪರ್ಕದ ತಪ್ಪುಗಳು

ಕೊಳವೆಬಾವಿಯ ಮೋಟರ್ ಓಡುವುದು ತ್ರೀ ಫೇಸಿನಲ್ಲಿ, ಡೋಸಿಂಗ್ ಪಂಪ್ ಸಿಂಗಲ್ ಫೇಸಿನಲ್ಲಿ. ಹಳ್ಳಿಗಳಲ್ಲಿ ತ್ರೀ ಫೇಸ್ ಕೆಲವೇ ಗಂಟೆ ಇರುತ್ತದೆ. ಡೋಸಿಂಗ್ ಪಂಪನ್ನು ಗೋಡೆಯ ಪ್ಲಗ್ಗಿಗೆ ಹಾಕಿದ್ದರೆ, ತ್ರೀ ಫೇಸ್ ಹೋಗಿ ಮೋಟರ್ ನಿಂತ ಮೇಲೂ ಅದು ನಿಂತ ನೀರಿಗೆ ದ್ರಾವಣ ತುಂಬುತ್ತಲೇ ಇರುತ್ತದೆ. ಮುಂದಿನ ಸಲ ಮೋಟರ್ ಓಡಿದಾಗ ಆ ಗಟ್ಟಿ ದ್ರಾವಣವೆಲ್ಲ ಒಮ್ಮೆಲೇ ಟ್ಯಾಂಕಿಗೆ ಹೋಗುತ್ತದೆ. ಪರಿಹಾರ ಸರಳ. ಸ್ಟಾರ್ಟರಿನ ಕಾಂಟ್ಯಾಕ್ಟರಿನಲ್ಲಿ ಬಳಸದೆ ಉಳಿದಿರುವ ಹೆಚ್ಚುವರಿ ಕಾಂಟ್ಯಾಕ್ಟಿನ ಮೂಲಕ ಡೋಸಿಂಗ್ ಪಂಪಿನ ಫೇಸ್ ತಂತಿಯನ್ನು ಹಾಯಿಸಿದರೆ ಮೋಟರ್ ಎಳೆದಾಗ ಮಾತ್ರ ಅದು ಓಡುತ್ತದೆ. ಈ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಬೇಕು. ಬೇಸಿಗೆಯಲ್ಲಿ ಬಾವಿ ಬತ್ತಿ ಮೋಟರ್ ಬರಿದೇ ಓಡುವ ಊರುಗಳಲ್ಲಿ ಇದೂ ಸಾಲದು, ನೀರು ಹರಿಯುವಾಗ ಮಾತ್ರ ಡೋಸಿಂಗ್ ಪಂಪನ್ನು ಓಡಿಸುವ ಫ್ಲೋ ಸ್ವಿಚ್ ಪೈಪಿನಲ್ಲಿ ಬೇಕು. ವೋಲ್ಟೇಜ್ ಏರಿಳಿತದಿಂದ ಡೋಸಿಂಗ್ ಪಂಪಿನ ಸರ್ಕ್ಯೂಟ್ ಬೋರ್ಡ್ ಸುಡುವುದು ಸಾಮಾನ್ಯ. ಒಂದು ಸಣ್ಣ ಸ್ಟೆಬಿಲೈಸರ್ ಆ ಖರ್ಚನ್ನು ತಪ್ಪಿಸುತ್ತದೆ.

ಗ್ಯಾಸ್ ಕ್ಲೋರಿನೇಟರ್ ಇರುವಲ್ಲಿ

ಇಲ್ಲಿ ಬೇಕಾದ ಎಚ್ಚರವೇ ಬೇರೆ. ಕ್ಲೋರಿನ್ ಅನಿಲ ಗಾಳಿಗಿಂತ ಎರಡೂವರೆ ಪಟ್ಟು ಭಾರ, ಸೋರಿದರೆ ನೆಲದುದ್ದಕ್ಕೂ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಎಕ್ಸಾಸ್ಟ್ ಫ್ಯಾನ್ ನೆಲಮಟ್ಟದಲ್ಲಿರಬೇಕು, ಅದರ ಸ್ವಿಚ್ ಕೋಣೆಯ ಹೊರಗಿರಬೇಕು. ತರಬೇತಿ ಇಲ್ಲದವರು ಮತ್ತು ಒಬ್ಬಂಟಿಯಾಗಿರುವವರು ಸಿಲಿಂಡರ್ ಮುಟ್ಟಬಾರದು. ಇಬ್ಬರಿರಬೇಕು, ಉಸಿರಾಟದ ಸಿಲಿಂಡರ್ ಇರುವ ಮುಖವಾಡ ಕೋಣೆಯ ಹೊರಗೆ ಕೈಗೆ ಸಿಗುವಂತಿರಬೇಕು.

ನಿರ್ವಾತದಲ್ಲಿ ಕೆಲಸ ಮಾಡುವ ಕ್ಲೋರಿನೇಟರಿನಲ್ಲಿ ಇಜೆಕ್ಟರಿನ ಮೂಲಕ ರಭಸವಾಗಿ ಹಾಯುವ ನೀರು ಅನಿಲವನ್ನು ಎಳೆದುಕೊಳ್ಳುತ್ತದೆ. ಆ ಎಳೆತ ಇದ್ದಾಗ ಮಾತ್ರ ಸಿಲಿಂಡರಿನ ಮೇಲಿನ ರೆಗ್ಯುಲೇಟರ್ ತೆರೆಯುತ್ತದೆ. ರೋಟಾಮೀಟರಿನಲ್ಲಿ (ಅನಿಲದ ಹರಿವನ್ನು ಒಳಗಿನ ಗುಂಡಿನ ಎತ್ತರದಿಂದ ತೋರಿಸುವ ಕೊಳವೆ) ಗುಂಡು ಏರದಿದ್ದರೆ ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ, ನೀರು ಓಡುತ್ತಿರುವಾಗಲೇ ಇಜೆಕ್ಟರಿನಿಂದ ಅನಿಲದ ಟ್ಯೂಬ್ ಬಿಚ್ಚಿ, ಆ ಬಾಯಿಗೆ ಹೆಬ್ಬೆರಳು ಒತ್ತಿ ನೋಡಬೇಕು. ಬಲವಾಗಿ ಎಳೆದರೆ ಇಜೆಕ್ಟರ್ ಸರಿಯಿದೆ, ದೋಷ ಟ್ಯೂಬಿನಲ್ಲೋ ರೆಗ್ಯುಲೇಟರಿನಲ್ಲೋ ಇದೆ, ಅಥವಾ ಸಿಲಿಂಡರ್ ಖಾಲಿಯಾಗಿದೆ. ಎಳೆಯದಿದ್ದರೆ ಜಾಲರಿ ಅಥವಾ ಮೊನೆ ಕಟ್ಟಿದೆ, ಇಲ್ಲವೇ ಬೂಸ್ಟರ್ ಪಂಪಿನ ಒತ್ತಡ ಸಾಲದು. ರೋಟಾಮೀಟರಿನಲ್ಲಿ ನೀರು ಕಂಡರೆ ಇಜೆಕ್ಟರಿನ ಚೆಕ್ ವಾಲ್ವ್ ಕೆಟ್ಟಿದೆ, ಕೂಡಲೇ ನಿಲ್ಲಿಸಬೇಕು, ಏಕೆಂದರೆ ತೇವ ಸೇರಿದ ಕ್ಲೋರಿನ್ ಲೋಹವನ್ನು ತಿನ್ನುತ್ತದೆ. ಇದೇ ಕಾರಣಕ್ಕೆ, ತೊಳೆದ ಯಾವ ಭಾಗವನ್ನೂ ಪೂರ್ತಿ ಒಣಗಿಸದೆ ಜೋಡಿಸಬಾರದು. ಸಾಮಾನ್ಯ ಗ್ರೀಸು, ಎಣ್ಣೆ ಕ್ಲೋರಿನಿಗೆ ತಗುಲಿದರೆ ಉರಿಯಬಹುದು, ತಯಾರಕರು ಸೂಚಿಸಿದ ಗ್ರೀಸನ್ನು ಮಾತ್ರ ಬಳಸಬೇಕು.

ಸಿಲಿಂಡರ್ ಬದಲಿಸುವಾಗ ಖಾಲಿಯಾದದ್ದರ ವಾಲ್ವ್ ಮುಚ್ಚಿ, ರೋಟಾಮೀಟರಿನ ಗುಂಡು ತಳಕ್ಕೆ ಇಳಿಯುವವರೆಗೂ ಇಜೆಕ್ಟರನ್ನು ಓಡಿಸಿ ಒಳಗುಳಿದ ಅನಿಲವನ್ನು ಎಳೆಸಿಬಿಡಬೇಕು. ಆಮೇಲೆ ರೆಗ್ಯುಲೇಟರನ್ನು ಸಿಲಿಂಡರಿಗೆ ಬಿಗಿದಿರುವ ಹಿಡಿಕೆಯನ್ನು ಬಿಚ್ಚಿ, ಹಳೆಯ ಸೀಸದ ವಾಷರನ್ನು ಎಸೆದು, ಎರಡೂ ಮುಖಗಳನ್ನು ಒರೆಸಿ, ಹೊಸ ವಾಷರ್ ಇಟ್ಟು ಬಿಗಿಯಬೇಕು. ಒಮ್ಮೆ ಒತ್ತಿದ ಸೀಸದ ವಾಷರ್ ಎರಡನೆಯ ಸಲ ಬಿಗಿಯುವುದಿಲ್ಲ, ಅದರ ಬೆಲೆ ಕೆಲವೇ ರೂಪಾಯಿ. ಹೊಸ ಸಿಲಿಂಡರಿನ ವಾಲ್ವನ್ನು ಕಾಲು ಸುತ್ತು ತೆರೆದು ತಕ್ಷಣ ಮುಚ್ಚಿ, ಅಮೋನಿಯಾ ದ್ರಾವಣದ ಬಾಟಲಿಯ ಆವಿಯನ್ನು ಜೋಡಣೆಯ ಸುತ್ತ ಹಿಡಿಯಬೇಕು. ಬಿಳಿ ಹೊಗೆ ಎದ್ದರೆ ಸೋರಿಕೆ ಇದೆ. ಅಮೋನಿಯಾ ದ್ರವ ಲೋಹಕ್ಕೆ ತಗುಲಬಾರದು. ಹೊಗೆ ಇಲ್ಲದಿದ್ದರೆ ವಾಲ್ವನ್ನು ಒಂದು ಸುತ್ತು ತೆರೆದರೆ ಸಾಕು. ಅದಕ್ಕೆಂದೇ ಇರುವ ಚಿಕ್ಕ ಪಾನಾದಿಂದ ತಿರುಗದಿದ್ದರೆ ಪೈಪ್ ಸಿಕ್ಕಿಸಿ ಎಳೆಯುವುದು, ಸುತ್ತಿಗೆಯಿಂದ ಬಡಿಯುವುದು ಸಲ್ಲದು, ಆ ಸಿಲಿಂಡರನ್ನು ವಾಪಸ್ ಕಳಿಸಬೇಕು. ಸಿಲಿಂಡರಿನ ಮೇಲೆ ಹಿಮ ಕಟ್ಟಿದರೆ ಅನಿಲವನ್ನು ಅತಿ ವೇಗವಾಗಿ ತೆಗೆಯುತ್ತಿದ್ದೀರಿ ಎಂದರ್ಥ. ಪ್ರಮಾಣ ಇಳಿಸಬೇಕು, ಬೆಂಕಿಯಿಂದಲೋ ಬಿಸಿನೀರಿನಿಂದಲೋ ಕಾಯಿಸಬಾರದು, ಏಕೆಂದರೆ ಸುಮಾರು 70 ಡಿಗ್ರಿಗೆ ಅದರ ಸುರಕ್ಷಾ ಪ್ಲಗ್ ಕರಗಿ ಅನಿಲವೆಲ್ಲ ಹೊರಬರುತ್ತದೆ.

ದೊಡ್ಡ ಸೋರಿಕೆಯಾದರೆ ದುರಸ್ತಿಗೆ ಇಳಿಯದೆ, ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಎತ್ತರದ ಕಡೆಗೆ ಎಲ್ಲರನ್ನೂ ಸರಿಸಿ 112ಕ್ಕೆ ಕರೆ ಮಾಡಬೇಕು. ಸೋರುವ ಜಾಗಕ್ಕೆ ನೀರು ಹೊಡೆದರೆ ಅಲ್ಲಿ ಆ್ಯಸಿಡ್ ಉಂಟಾಗಿ ತೂತು ಇನ್ನಷ್ಟು ದೊಡ್ಡದಾಗುತ್ತದೆ.

ದುರಸ್ತಿ ನಡೆಯುವಾಗ ಊರಿಗೆ ನೀರು

ಪಂಪ್ ಕೆಟ್ಟ ದಿನವೂ ಊರಿಗೆ ನೀರು ಬಿಡಲೇಬೇಕು. ಬಿಡಿಭಾಗ ಬರಲು ವಾರವಾದರೆ ಅಷ್ಟೂ ದಿನ ಕ್ಲೋರಿನ್ ಇಲ್ಲದ ನೀರು ಕೊಡುವುದು ಒಪ್ಪತಕ್ಕ ಮಾತಲ್ಲ. 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ 100 ಗ್ರಾಂ ಕ್ಲೋರಿನ್ ಬೇಕು, ಅಂದರೆ ಶೇಕಡ 30ರ ಪುಡಿ ಸುಮಾರು 335 ಗ್ರಾಂ, ಶೇಕಡ 20ರದ್ದಾದರೆ 500 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಗಸಿ ಕೂತ ಮೇಲೆ ತಿಳಿಯನ್ನು ಮಾತ್ರ, ಟ್ಯಾಂಕಿಗೆ ನೀರು ಏರುತ್ತಿರುವಾಗಲೇ ಬೀಳುವ ನೀರಿನ ಜಾಗದಲ್ಲಿ ಸುರಿಯಬೇಕು, ಆಗ ಚೆನ್ನಾಗಿ ಬೆರೆಯುತ್ತದೆ. ಟ್ಯಾಂಕ್ ತುಂಬಿದ ಮೇಲೆ ಕನಿಷ್ಠ 30 ನಿಮಿಷ ವಾಲ್ವ್ ತೆರೆಯಬಾರದು. ಟ್ಯಾಂಕಿನ ಏಣಿ ಹತ್ತುವವರಿಗೆ ಸೊಂಟದ ಬೆಲ್ಟ್ ಬೇಕು, ಬಕೆಟ್ಟನ್ನು ಕೈಯಲ್ಲಿ ಹಿಡಿದು ಹತ್ತುವ ಬದಲು ಹಗ್ಗದಿಂದ ಸೇದಿಕೊಳ್ಳಬೇಕು.

ಟ್ಯಾಂಕಿನ ಮೇಲೆ ಡ್ರಮ್ ಇಟ್ಟು ಹನಿ ಹನಿಯಾಗಿ ದ್ರಾವಣ ಬಿಡುವ ಊರುಗಳೂ ಇವೆ. ಡ್ರಮ್ ಖಾಲಿಯಾದಂತೆ ಹನಿಯ ವೇಗ ಇಳಿಯುತ್ತದೆ ಮತ್ತು ನಲ್ಲಿಯ ಸಂದಿಯಲ್ಲಿ ಸುಣ್ಣ ಕಟ್ಟುತ್ತದೆ. ಫ್ಲೋಟ್ ಇರುವ ಚಿಕ್ಕ ಪೆಟ್ಟಿಗೆಯ ಮೂಲಕ ಹಾಯಿಸಿ ಮಟ್ಟ ಒಂದೇ ಆಗಿರುವಂತೆ ನೋಡಿಕೊಂಡರೆ ಮೊದಲನೆಯ ತೊಂದರೆ ತಪ್ಪುತ್ತದೆ, ಎರಡನೆಯದಕ್ಕೆ ವಾರಕ್ಕೊಮ್ಮೆ ತೊಳೆಯುವುದೊಂದೇ ದಾರಿ.

ಪಂಪ್‌ಹೌಸಿನಲ್ಲಿ ಯಾವಾಗಲೂ ಒಂದು ವಾಲ್ವ್ ಸೆಟ್, ಒಂದು ಡಯಾಫ್ರಾಮ್, ಎರಡು ಮೀಟರ್ ಟ್ಯೂಬ್, ಓ-ರಿಂಗುಗಳು, ಒಂದು ಇಂಜೆಕ್ಷನ್ ವಾಲ್ವ್ ಮತ್ತು ಅವಧಿ ಮೀರದ ಡಿಪಿಡಿ ಮಾತ್ರೆಗಳು ಒಂದು ಡಬ್ಬಿಯಲ್ಲಿರಬೇಕು. ಪಂಪಿನ ಮಾದರಿ ಸಂಖ್ಯೆಯನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದಿಟ್ಟರೆ ಪಿಡಿಒ ಅವರು ಖರೀದಿಗೆ ಬರೆಯುವಾಗ ತಪ್ಪು ಭಾಗ ಬರುವುದಿಲ್ಲ.

ದುರಸ್ತಿ ಮುಗಿದು ಪಂಪ್ ಮತ್ತೆ ಓಡಿದ ಮೇಲೆ ಮೊದಲ ಮಾದರಿಯನ್ನು ಟ್ಯಾಂಕಿನ ಹೊರಪೈಪಿನಲ್ಲಿ, ಎರಡನೆಯದನ್ನು ಕೊನೆಯ ನಲ್ಲಿಯಲ್ಲಿ ತೆಗೆದುಕೊಳ್ಳಬೇಕು. ಟ್ಯಾಂಕಿನಲ್ಲಿ 0.8 ಇದ್ದು ಕೊನೆಯಲ್ಲಿ 0.3 ಇದ್ದರೆ ಚೆನ್ನ. ಟ್ಯಾಂಕಿನಲ್ಲಿ 0.8 ಇದ್ದು ಕೊನೆಯಲ್ಲಿ ಏನೂ ಇಲ್ಲದಿದ್ದರೆ ಡೋಸ್ ಏರಿಸುವ ಮೊದಲು ನಡುವಿನ ಬೀದಿಗಳಲ್ಲಿ ಒಂದೊಂದಾಗಿ ಅಳೆಯುತ್ತ ಹೋಗಬೇಕು. ಅಂಕಿ ಥಟ್ಟನೆ ಬೀಳುವ ಎರಡು ನಲ್ಲಿಗಳ ನಡುವೆ ಪೈಪ್ ಒಡೆದು ಚರಂಡಿ ನೀರು ಸೇರುತ್ತಿರುವ ಸಾಧ್ಯತೆ ಇದೆ, ಅಲ್ಲಿ ಅಗೆದು ನೋಡಬೇಕು. ಆ ಬೀದಿಯ ವಾಲ್ವನ್ನು ಮುಚ್ಚಿ, ಮನೆಗಳಿಗೆ ಟ್ಯಾಂಕರ್ ನೀರು ಕಳಿಸಿ, ಪೈಪ್ ಜೋಡಿಸಿದ ಮೇಲೆ ಕ್ಲೋರಿನ್ ನೀರಿನಿಂದ ತೊಳೆದು, ಕೊನೆಯ ನಲ್ಲಿಯಲ್ಲಿ 0.2 ಬಂದ ಮೇಲೆಯೇ ಸರದಿಗೆ ತೆರೆಯಬೇಕು. ಆ ಅಂಕಿಯನ್ನು, ತೆಗೆದ ಹೊತ್ತನ್ನು, ತೆಗೆದವರ ಹೆಸರನ್ನು ಪುಸ್ತಕದಲ್ಲಿ ಬರೆಯಬೇಕು.